ಮಾತು ಘಟನೆಗೆ ಇಳಿಯುವವರೆಗೆ

ವೃತ್ತಿ ಬೆಳವಣಿಗೆಯ ಕೋಚ್ ಆಗಿ ಕೆಲಸ ಮಾಡುವವರ ಬಳಿಗೆ ಜನ ಬರುವಾಗ, ತಮ್ಮ ಬಗ್ಗೆ ಬೇರೆ ಯಾರೋ ಆಡಿದ ಒಂದು ತೀರ್ಪನ್ನು ಜೊತೆಗೆ ತಂದಿರುತ್ತಾರೆ. ‘ನನಗೆ ಆತ್ಮವಿಶ್ವಾಸ ಕಡಿಮೆಯಂತೆ’ ಎನ್ನುತ್ತಾರೆ ಒಬ್ಬರು. ‘ನಾಯಕತ್ವದ ಗುಣ ಇನ್ನೂ ಬೆಳೆಯಬೇಕು ಎಂದು ಮೌಲ್ಯಮಾಪನದಲ್ಲಿ ಬರೆದಿದ್ದಾರೆ’ ಎನ್ನುತ್ತಾರೆ ಇನ್ನೊಬ್ಬರು. ‘ಸಂವಹನ ಕೌಶಲ ಸುಧಾರಿಸಬೇಕು’ ಎಂಬ ಮಾತನ್ನಂತೂ ನಾನು ಕೇಳದ ತಿಂಗಳಿಲ್ಲ. ವರ್ಷಕ್ಕೊಮ್ಮೆ ತುಂಬಬೇಕಾದ ನಮೂನೆಯಲ್ಲಿ ಮೇಲಧಿಕಾರಿಯೊಬ್ಬರು ಬರೆದ ಇಂತಹ ಒಂದು ಸಾಲು, ಆ ವ್ಯಕ್ತಿ ತನ್ನನ್ನು ತಾನು ನೋಡಿಕೊಳ್ಳುವ ರೀತಿಯನ್ನೇ ಬದಲಿಸಿಬಿಟ್ಟಿರುತ್ತದೆ. ಈ ಕೆಲಸದಲ್ಲಿ ಹಲವು ವರ್ಷಗಳನ್ನು ಕಳೆದಿರುವ ನನಗೆ ಖಚಿತವಾಗಿರುವ ಸಂಗತಿ ಒಂದೇ. ಅಂತಹ ತೀರ್ಪನ್ನು ಬಿಡಿಸಿ, ಅದರ ಹಿಂದೆ ನಿಜವಾಗಿ ನಡೆದ ಘಟನೆ ಯಾವುದು, ಅಲ್ಲಿ ಯಾರು ಏನು ಹೇಳಿದರು, ಯಾರು ಏನು ಮಾಡಿದರು ಎಂಬಲ್ಲಿಗೆ ಮಾತನ್ನು ಇಳಿಸುವುದೇ ಕೋಚ್ ಮಾಡುವ ಮುಖ್ಯ ಕೆಲಸ. ಉಳಿದ ಕೌಶಲಗಳೆಲ್ಲ ಇದರ ಬೆನ್ನಿಗೆ ಬರುತ್ತವೆ.

ಕಾರಣ ಸರಳವಾಗಿದೆ. ‘ಆತ್ಮವಿಶ್ವಾಸ’ ಎಂಬುದನ್ನು ಯಾರೂ ನಾಳೆ ಬೆಳಿಗ್ಗೆ ಕೂತು ಅಭ್ಯಾಸ ಮಾಡಲಾರರು. ಸಭೆಯಲ್ಲಿ ಮೊದಲ ವಾಕ್ಯವನ್ನು ಹೇಗೆ ಆರಂಭಿಸಬೇಕು ಎಂಬುದನ್ನು ಮಾತ್ರ ಅಭ್ಯಾಸ ಮಾಡಬಹುದು, ತಿದ್ದಬಹುದು, ಮತ್ತೆ ಪ್ರಯತ್ನಿಸಬಹುದು.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ; ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ. ತಂಡವೊಂದರ ಮುಖ್ಯಸ್ಥೆಯಾಗಿ ಹೊಸದಾಗಿ ಬಡ್ತಿ ಪಡೆದಿದ್ದ ಇಂಜಿನಿಯರ್ ಒಬ್ಬರು ಆತ್ಮವಿಶ್ವಾಸದ ಕೊರತೆಯೆಂಬ ದೂರಿನೊಂದಿಗೆ ಬಂದಿದ್ದರು. ಆ ಕೊರತೆ ಕೊನೆಯ ಬಾರಿ ಕಾಣಿಸಿಕೊಂಡದ್ದು ಯಾವಾಗ ಎಂದು ಕೇಳಿದೆ. ‘ಯಾವಾಗಲೂ ಹಾಗೆಯೇ’ ಎಂದರು. ತೀರಾ ಇತ್ತೀಚಿನದೊಂದನ್ನು ಹೇಳಿ ಎಂದಾಗ, ಹಿಂದಿನ ವಾರದ ಪರಿಶೀಲನಾ ಸಭೆಯನ್ನು ನೆನಪಿಸಿಕೊಂಡರು. ಆ ಸಭೆಯಲ್ಲಿ ಅವರ ಬಾಯಿಂದ ಬಂದ ಮೊದಲ ವಾಕ್ಯ, ‘ಇದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ, ಆದರೂ ಹೇಳುತ್ತೇನೆ’ ಎಂಬುದಾಗಿತ್ತು. ತಮ್ಮ ತಂಡದವರೊಂದಿಗೆ ಮಾತನಾಡುವಾಗಲೂ ಹೀಗೆಯೇ ಆರಂಭಿಸುತ್ತೀರಾ ಎಂದು ಕೇಳಿದರೆ, ಇಲ್ಲ ಎಂದರು. ಗ್ರಾಹಕರೊಂದಿಗೆ? ಅಲ್ಲಿಯೂ ಇಲ್ಲ. ಹಾಗಾದರೆ ಯಾರಿದ್ದಾಗ ಎಂದು ಒಂದೊಂದೇ ಸಭೆಯನ್ನು ಎತ್ತಿಕೊಂಡು ನೋಡಿದಾಗ, ಹಣಕಾಸು ವಿಭಾಗದ ಮುಖ್ಯಸ್ಥರು ಕೂತಿದ್ದ ಸಭೆಗಳಲ್ಲಿ ಮಾತ್ರ ಆ ವಾಕ್ಯ ಬರುತ್ತಿತ್ತು ಎಂಬುದು ಸ್ಪಷ್ಟವಾಯಿತು. ಏಕೆಂದರೆ ಅವರು ಕೇಳುವ ಅಂಕಿಗಳು ಬೇರೊಂದು ವಿಭಾಗದಿಂದ ಸಭೆ ನಡೆಯುವ ದಿನ ಬೆಳಿಗ್ಗೆಯಷ್ಟೇ ಈಕೆಯ ಕೈಸೇರುತ್ತಿದ್ದವು, ಮತ್ತು ಈಕೆ ಅವುಗಳನ್ನು ಒಮ್ಮೆಯೂ ಸರಿಯಾಗಿ ಓದಿಕೊಳ್ಳದೆ ಮೇಜಿನ ಮುಂದೆ ಕೂರುತ್ತಿದ್ದರು.

ಆತ್ಮವಿಶ್ವಾಸದ ಕೊರತೆ ಎಂದು ಹೆಸರು ಪಡೆದಿದ್ದ ಸಂಗತಿಯ ದೊಡ್ಡ ಪಾಲು, ಅಂಕಿಗಳು ತಡವಾಗಿ ಬರುತ್ತಿದ್ದ ಸಮಸ್ಯೆಯಾಗಿತ್ತು. ಅವುಗಳನ್ನು ಹಿಂದಿನ ಸಂಜೆಯೇ ಕಳುಹಿಸಿಕೊಡುವಂತೆ ಆ ವಿಭಾಗವನ್ನು ಕೇಳಿಕೊಳ್ಳುವುದು, ಅವುಗಳಲ್ಲಿ ಪ್ರಶ್ನೆಗೆ ಒಳಗಾಗಬಹುದಾದ ಎರಡು ಮೂರನ್ನು ಗುರುತು ಹಾಕಿಟ್ಟುಕೊಳ್ಳುವುದು, ಸಭೆಯ ಮೊದಲ ವಾಕ್ಯವನ್ನು ಬರೆದುಕೊಂಡು ಹೋಗುವುದು, ಈ ಮೂರು ಕೆಲಸಗಳನ್ನು ಅವರೇ ಆರಿಸಿಕೊಂಡರು. ನಾಲ್ಕಾರು ಸಭೆಗಳು ಕಳೆಯುವಷ್ಟರಲ್ಲಿ ಆ ಹಿಂಜರಿಕೆಯ ವಾಕ್ಯ ಬಹುತೇಕ ನಿಂತುಹೋಯಿತು. ಅವರ ಸ್ವಭಾವ ಬದಲಾಯಿತೆಂದು ನಾನು ಹೇಳಲಾರೆ, ಬದಲಾಗಬೇಕಾದ ಅಗತ್ಯವೂ ಇರಲಿಲ್ಲ.

ವ್ಯಕ್ತಿಯ ಮೇಲೆ ಹಾಕಿದ ತೀರ್ಪಿಗೂ ಕೆಲಸದ ಬಗ್ಗೆ ಕೊಟ್ಟ ಮಾಹಿತಿಗೂ ಇರುವ ಈ ವ್ಯತ್ಯಾಸ ಕೇವಲ ನನ್ನ ಅನಿಸಿಕೆಯಲ್ಲ. 1996ರಲ್ಲಿ ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡೆನಿಸಿ ಎಂಬ ಇಬ್ಬರು ಸಂಶೋಧಕರು, ಫೀಡ್‌ಬ್ಯಾಕ್ ಕುರಿತು ಅದುವರೆಗೆ ನಡೆದಿದ್ದ ಅಧ್ಯಯನಗಳಿಂದ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಸರಾಸರಿಯಾಗಿ ನೋಡಿದರೆ ಫೀಡ್‌ಬ್ಯಾಕ್‌ನಿಂದ ಕೆಲಸದ ಗುಣಮಟ್ಟ ಏರಿತ್ತು. ಆದರೆ ಮೂರನೇ ಒಂದು ಭಾಗಕ್ಕೂ ಹೆಚ್ಚಿನ ಸಂದರ್ಭಗಳಲ್ಲಿ ಅದು ಇಳಿದಿತ್ತು. ಗಮನವು ಮಾಡುತ್ತಿರುವ ಕೆಲಸದಿಂದ ಸರಿದು ‘ನಾನು ಎಂತಹವನು’ ಎಂಬ ಪ್ರಶ್ನೆಯ ಕಡೆಗೆ ಹೋದಂತೆ ಫೀಡ್‌ಬ್ಯಾಕ್‌ನ ಪ್ರಯೋಜನ ಕಡಿಮೆಯಾಗುತ್ತದೆ ಎಂಬುದು ಅವರ ವಿವರಣೆ. ಹೊಗಳಿಕೆಗೂ ಇದು ಅನ್ವಯಿಸುತ್ತದೆ. ‘ನೀವು ತುಂಬಾ ಚುರುಕು’ ಎಂಬ ಮಾತು ಕೇಳಲು ಹಿತವಾಗಿದ್ದರೂ, ಮುಂದಿನ ಬಾರಿ ಏನನ್ನು ಮತ್ತೆ ಮಾಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ‘ಗ್ರಾಹಕರ ಆಕ್ಷೇಪಣೆಗೆ ಉತ್ತರ ಕೊಡುವ ಮೊದಲು ಅದನ್ನು ಅವರದೇ ಮಾತಿನಲ್ಲಿ ಒಮ್ಮೆ ಹೇಳಿದಿರಿ, ಅದರ ನಂತರ ಅವರು ದನಿ ತಗ್ಗಿಸಿದರು’ ಎಂಬ ಮಾತು ಹೇಳುತ್ತದೆ.

ಕೋಚಿಂಗ್ ಎಂದು ನಾವು ಇಂದು ಕರೆಯುವ ಈ ವೃತ್ತಿಯ ಒಂದು ಮುಖ್ಯ ಬೇರು ಟೆನಿಸ್ ಅಂಗಳದಲ್ಲಿರುವುದು ಈ ದೃಷ್ಟಿಯಿಂದ ಅರ್ಥಪೂರ್ಣವಾಗಿದೆ. ಅಮೆರಿಕದ ಟೆನಿಸ್ ತರಬೇತುದಾರ ಟಿಮೊಥಿ ಗಾಲ್ವೇ 1970ರ ದಶಕದಲ್ಲಿ, ಆಟಗಾರರಿಗೆ ಮೊಣಕೈ ಹೀಗಿಡಿ, ಕಾಲು ಹಾಗಿಡಿ ಎಂದು ಸೂಚನೆಗಳನ್ನು ಸುರಿಯುವ ಬದಲು, ಚೆಂಡು ನೆಲಕ್ಕೆ ತಾಗಿದಾಗ ಒಂದು ಶಬ್ದ, ರ‍್ಯಾಕೆಟ್‌ಗೆ ತಾಗಿದಾಗ ಇನ್ನೊಂದು ಶಬ್ದ ಗಟ್ಟಿಯಾಗಿ ಹೇಳುತ್ತಾ ಹೋಗಿ ಎಂದು ಹೇಳಿಕೊಡುತ್ತಿದ್ದರು. ತಾನು ಸರಿಯಾಗಿ ಆಡುತ್ತಿದ್ದೇನೆಯೇ ಎಂಬ ಆತಂಕಕ್ಕೆ ಆಗ ಜಾಗವಿರುತ್ತಿರಲಿಲ್ಲ, ಕಣ್ಣು ಚೆಂಡಿನ ಮೇಲೆ ನೆಟ್ಟಿರುತ್ತಿತ್ತು, ಆಟ ತಾನಾಗಿ ಸುಧಾರಿಸುತ್ತಿತ್ತು. ಕಾರ್ ರೇಸಿಂಗ್‌ನಲ್ಲಿ ಹೆಸರು ಮಾಡಿ, ನಂತರ ಈ ಕ್ಷೇತ್ರಕ್ಕೆ ಬಂದ ಬ್ರಿಟನ್ನಿನ ಜಾನ್ ವಿಟ್‌ಮೋರ್ ಮತ್ತು ಅವರ ಸಂಗಡಿಗರು ಈ ವಿಚಾರವನ್ನು ಕಚೇರಿಗಳಿಗೆ ತಂದರು. ‘ಗ್ರೋ’ ಎಂಬ ಹೆಸರಿನಲ್ಲಿ ಹಲವು ಕೋಚ್‌ಗಳು ಕಲಿಯುವ ಮಾದರಿ 1980ರ ದಶಕದಲ್ಲಿ ರೂಪುಗೊಂಡು, 1992ರಲ್ಲಿ ವಿಟ್‌ಮೋರ್ ಅವರ ಬರವಣಿಗೆಯ ಮೂಲಕ ಎಲ್ಲೆಡೆ ಹರಡಿತು. ಗುರಿ ಏನು, ಈಗಿನ ವಾಸ್ತವ ಏನು, ಯಾವ ಯಾವ ದಾರಿಗಳಿವೆ, ಏನನ್ನು ಮಾಡಲು ನಿಶ್ಚಯಿಸಿದ್ದೀರಿ ಎಂಬ ನಾಲ್ಕು ಹಂತಗಳು ಅದರಲ್ಲಿವೆ.

ಈ ನಾಲ್ಕರಲ್ಲಿ ಎರಡನೆಯದನ್ನೇ ಹೆಚ್ಚಿನವರು ಅವಸರದಲ್ಲಿ ದಾಟಿಬಿಡುತ್ತಾರೆ ಎಂಬುದು ನನ್ನ ಬಲವಾದ ಅಭಿಪ್ರಾಯ. ಗುರಿಯ ಬಗ್ಗೆ ಮಾತನಾಡುವುದು ಇಬ್ಬರಿಗೂ ಉತ್ಸಾಹ ಕೊಡುತ್ತದೆ. ದಾರಿಗಳನ್ನು ಪಟ್ಟಿ ಮಾಡುವಾಗ ಕೆಲಸ ಸಾಗುತ್ತಿದೆ ಎಂಬ ಸಮಾಧಾನ ಸಿಗುತ್ತದೆ. ವಾಸ್ತವದ ಹಂತದಲ್ಲಿ ಅಂತಹ ಯಾವ ಸುಖವೂ ಇಲ್ಲ. ನಡೆದದ್ದನ್ನು ನಡೆದಂತೆಯೇ ಹೇಳಬೇಕು, ನೆನಪಿಗೆ ಬಾರದ ಕಡೆ ತಡೆದು ನಿಲ್ಲಬೇಕು, ತಾನು ಕಳುಹಿಸಿದ ಇ-ಮೇಲ್ ಅನ್ನು ಇನ್ನೊಬ್ಬರ ಮುಂದೆ ತೆರೆದು ಓದಬೇಕು. ಹಾಗಾಗಿ ಸಾಧ್ಯವಾದಾಗಲೆಲ್ಲ ನಾನು ನೆನಪನ್ನು ನೆಚ್ಚಿಕೊಳ್ಳದೆ ವಸ್ತುವನ್ನೇ ಕೇಳುತ್ತೇನೆ. ಕಳುಹಿಸಿದ ಇ-ಮೇಲ್, ಮಂಡಿಸಿದ ಸ್ಲೈಡ್‌ಗಳು, ಅನುಮತಿಯಿದ್ದರೆ ಸಭೆಯ ರೆಕಾರ್ಡಿಂಗ್, ಅದೂ ಸಾಧ್ಯವಾದರೆ ಸಭೆಯಲ್ಲಿ ಒಂದು ಮೂಲೆಯಲ್ಲಿ ಕೂತು ನೋಡುವ ಅವಕಾಶ. ‘ನಾನು ತಂಡದವರ ಮಾತನ್ನು ಚೆನ್ನಾಗಿ ಕೇಳಿಸಿಕೊಳ್ಳುತ್ತೇನೆ’ ಎಂದು ಪ್ರಾಮಾಣಿಕವಾಗಿ ನಂಬಿದ್ದ ಮ್ಯಾನೇಜರ್ ಒಬ್ಬರು, ತಮ್ಮದೇ ಸಭೆಯ ಹತ್ತು ನಿಮಿಷದ ರೆಕಾರ್ಡಿಂಗ್ ಕೇಳಿದ ಮೇಲೆ, ನಾನು ಬಾಯಿ ತೆರೆಯುವ ಮೊದಲೇ, ತಾವು ಎಲ್ಲೆಲ್ಲಿ ಇತರರ ಮಾತನ್ನು ತುಂಡರಿಸಿದ್ದೇವೆಂದು ಕಾಗದದ ಮೇಲೆ ಗೀಟು ಹಾಕತೊಡಗಿದ್ದರು.

ಕೇಳಿದ ಪ್ರಶ್ನೆಗೆ ಉತ್ತರ ಬರುವವರೆಗೆ ಸುಮ್ಮನಿರುವುದು ಈ ಕೆಲಸದ ಇನ್ನೊಂದು ಕಠಿಣ ಭಾಗ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ, ತರಗತಿಗಳಲ್ಲಿ ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದೂ, ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ತರ್ಕಬದ್ಧವಾಗುತ್ತವೆ, ಉತ್ತರಿಸದೆ ಉಳಿಯುವವರ ಸಂಖ್ಯೆ ತಗ್ಗುತ್ತದೆ ಎಂದೂ 1970ರ ದಶಕದಲ್ಲಿ ತೋರಿಸಿಕೊಟ್ಟರು. ದೊಡ್ಡವರೊಂದಿಗಿನ ಮಾತುಕತೆಯಲ್ಲಿ ಮೂರು ಸೆಕೆಂಡೂ ಸಾಲದು ಎಂಬುದು ನನ್ನ ಅನುಭವ. ಮೊದಲು ಬರುವ ಉತ್ತರ ಹಲವು ಕಡೆ ಹೇಳಿ ಹೇಳಿ ಸವೆದ ಉತ್ತರವಾಗಿರುತ್ತದೆ. ಕೋಚ್ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗದೆ ಕಾದರೆ, ಆ ವ್ಯಕ್ತಿಯೇ ‘ಇಲ್ಲ, ನಿಜ ಹೇಳಬೇಕೆಂದರೆ…’ ಎಂದು ಮಾತನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಕೆಲಸ ಮಾಡಲು ಬೇಕಾದ ಸಾಮಗ್ರಿ ಸಿಗುವುದು ಅಲ್ಲಿಂದ ಮುಂದೆ.

ಇಷ್ಟು ಹೇಳಿದ ಮೇಲೆ, ಕೋಚ್ ಎಂದರೆ ಪ್ರಶ್ನೆಗಳನ್ನಷ್ಟೇ ಕೇಳಬೇಕು, ಸಲಹೆ ಕೊಡಲೇಬಾರದು ಎಂಬ ವಾದವನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ಬಜೆಟ್ ಪಟ್ಟಿಯನ್ನು ಓದಲು ಬಾರದ ಒಬ್ಬ ಹೊಸ ಮ್ಯಾನೇಜರ್‌ಗೆ, ‘ಈ ಪಟ್ಟಿ ನಿಮಗೆ ಏನನ್ನು ಹೇಳುತ್ತಿದೆ?’ ಎಂದು ಹತ್ತು ಬಗೆಯಲ್ಲಿ ಕೇಳುತ್ತಾ ಕೂರುವುದು ಅವರ ಸಮಯಕ್ಕೆ ಮಾಡುವ ಅಗೌರವ. ಗೊತ್ತಿರುವುದನ್ನು ಹೇಳಿಕೊಡಬೇಕು, ಗೊತ್ತಿಲ್ಲದಿದ್ದರೆ ಗೊತ್ತಿರುವವರ ಬಳಿಗೆ ಕಳುಹಿಸಬೇಕು. ಆದರೆ ಕೊರತೆಯಿರುವುದು ತಿಳಿವಳಿಕೆಯಲ್ಲಿಯೋ ಅಥವಾ ತಿಳಿದದ್ದನ್ನು ಮಾಡುವಲ್ಲಿಯೋ ಎಂಬುದನ್ನು ಮೊದಲು ಪತ್ತೆಮಾಡಿಕೊಳ್ಳಬೇಕು. ಕಷ್ಟದ ಮಾತನ್ನು ಹೇಗೆ ಆಡಬೇಕು ಎಂಬುದು ಬಹುತೇಕ ಎಲ್ಲ ಮ್ಯಾನೇಜರ್‌ಗಳಿಗೂ ಗೊತ್ತಿರುತ್ತದೆ. ಆಡಬೇಕಾದ ಗಳಿಗೆಯಲ್ಲಿ ನಾಲಿಗೆ ಏಳುವುದಿಲ್ಲ, ಅಷ್ಟೇ. ಅಲ್ಲಿ ಸಲಹೆಯಿಂದ ಪ್ರಯೋಜನವಿಲ್ಲ. ಆ ಮಾತನ್ನು ನನ್ನ ಮುಂದೆಯೇ ಗಟ್ಟಿಯಾಗಿ ಆಡಿ ನೋಡುವುದರಿಂದ ಪ್ರಯೋಜನವಿದೆ.

ಒಂದು ಭೇಟಿಗೂ ಇನ್ನೊಂದು ಭೇಟಿಗೂ ನಡುವೆ ಏನು ನಡೆಯುತ್ತದೆ ಎಂಬುದರ ಮೇಲೆಯೇ ಫಲ ನಿಂತಿರುವುದರಿಂದ, ‘ಇನ್ನು ಮುಂದೆ ಹೆಚ್ಚು ಗಮನ ಕೊಡುತ್ತೇನೆ’ ಎಂಬ ಮಾತಿಗೆ ನಾನು ಭೇಟಿಯನ್ನು ಮುಗಿಸುವುದಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ ಅವರ ಸಂಶೋಧನೆ ಇಲ್ಲಿ ತುಂಬಾ ಉಪಯುಕ್ತ. ‘ಇಂತಹ ಸನ್ನಿವೇಶ ಬಂದರೆ ಇಂತಹದನ್ನು ಮಾಡುತ್ತೇನೆ’ ಎಂದು ಸಂದರ್ಭವನ್ನೂ ಕ್ರಿಯೆಯನ್ನೂ ಮೊದಲೇ ಜೋಡಿಸಿಟ್ಟುಕೊಂಡವರು, ಬರಿಯ ಗುರಿ ಇಟ್ಟುಕೊಂಡವರಿಗಿಂತ ಹೆಚ್ಚಾಗಿ ಅದನ್ನು ನೆರವೇರಿಸುತ್ತಾರೆ. 2006ರಲ್ಲಿ ಅವರು ಪಾಸ್ಕಲ್ ಶೀರನ್ ಜೊತೆಗೂಡಿ 94 ಸ್ವತಂತ್ರ ಪರೀಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸಿದಾಗಲೂ ಈ ಪರಿಣಾಮ ಮಧ್ಯಮದಿಂದ ದೊಡ್ಡ ಪ್ರಮಾಣದವರೆಗೆ ಕಂಡುಬಂದಿತು. ಆದ್ದರಿಂದ ಭೇಟಿಯ ಕೊನೆಯಲ್ಲಿ ಬರೆದುಕೊಳ್ಳುವ ವಾಕ್ಯ, ‘ಚರ್ಚೆಯಲ್ಲಿ ಹಿರಿಯ ಸಹೋದ್ಯೋಗಿ ನನ್ನ ಮಾತನ್ನು ಅರ್ಧಕ್ಕೆ ತಡೆದರೆ, ಒಂದು ವಾಕ್ಯ ಮುಗಿಸಿ ನಿಮ್ಮ ಮಾತಿಗೆ ಬರುತ್ತೇನೆ ಎಂದು ಹೇಳುತ್ತೇನೆ’ ಎಂಬಷ್ಟು ನಿರ್ದಿಷ್ಟವಾಗಿರಬೇಕು. ಮುಂದಿನ ಭೇಟಿಯಲ್ಲಿ ನಾನು ಕೇಳುವ ಮೊದಲ ಪ್ರಶ್ನೆಯೂ ಅದರ ಬಗ್ಗೆಯೇ. ಸಂದರ್ಭ ಬಂತೇ, ಬಂದಾಗ ಏನಾಯಿತು? ಮಾಡಲಿಲ್ಲ ಎಂಬ ಉತ್ತರ ಬಂದರೆ ಅದನ್ನು ಸೋಲೆಂದು ಎಣಿಸುವ ಅಗತ್ಯವಿಲ್ಲ. ಅದೇ ಆ ದಿನದ ವಿಷಯವಾಗುತ್ತದೆ.

ಇನ್ನು ಒಪ್ಪಂದದ ವಿಚಾರ. ಹೊರಗಿನವರಿಗೆ ಇದು ಕಾಗದಪತ್ರದ ಕೆಲಸವೆಂದು ಕಾಣಬಹುದಾದರೂ, ಕೋಚ್‌ನ ಪ್ರಾಮಾಣಿಕತೆಯ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿಯೇ. ಸಂಸ್ಥೆಯೊಂದು ತನ್ನ ಉದ್ಯೋಗಿಗಾಗಿ ಕೋಚ್‌ನನ್ನು ನೇಮಿಸಿದಾಗ ಹಣ ಕೊಡುವವರು ಒಬ್ಬರು, ಎದುರಿಗೆ ಕೂರುವವರು ಇನ್ನೊಬ್ಬರು. ಅವರ ಮ್ಯಾನೇಜರ್‌ಗೆ ಏನೋ ನಿರೀಕ್ಷೆ, ಮಾನವ ಸಂಪನ್ಮೂಲ ವಿಭಾಗಕ್ಕೆ ಇನ್ನೇನೋ ನಿರೀಕ್ಷೆ, ಉದ್ಯೋಗಿಗೆ ಮಾತ್ರ ‘ನಾನಾಡಿದ ಮಾತು ಎಲ್ಲಿಗೆ ಹೋಗುತ್ತದೆ?’ ಎಂಬ ಒಂದೇ ಆತಂಕ. ಆದ್ದರಿಂದ ಆರಂಭಕ್ಕೆ ಮೊದಲೇ ಮೂವರನ್ನೂ ಒಂದೆಡೆ ಕೂರಿಸಿ, ಗುರಿಗಳು ಮತ್ತು ಭೇಟಿಗಳ ಹಾಜರಾತಿ ಸಂಸ್ಥೆಗೆ ತಿಳಿಯುತ್ತವೆ, ಭೇಟಿಯೊಳಗಿನ ಮಾತು ತಿಳಿಯುವುದಿಲ್ಲ, ಪ್ರಗತಿಯ ಬಗ್ಗೆ ಏನನ್ನಾದರೂ ಹೇಳುವುದಿದ್ದರೆ ಉದ್ಯೋಗಿಯೇ ತನ್ನ ಬಾಯಿಂದ ಹೇಳುತ್ತಾರೆ ಎಂಬುದನ್ನು ಎಲ್ಲರ ಎದುರಿಗೆ ಓದಿ ಒಪ್ಪಿಸುತ್ತೇನೆ. ಯಾರದಾದರೂ ಪ್ರಾಣಕ್ಕೆ ಅಪಾಯವಿರುವಾಗ, ಕಾನೂನು ಬೇಡಿದಾಗ ಗೋಪ್ಯತೆಗೆ ಮಿತಿಯಿದೆ ಎಂಬುದನ್ನೂ ಅಲ್ಲಿಯೇ ಹೇಳಬೇಕು.

ಇದೇ ಸಭೆಯಲ್ಲಿ ಮ್ಯಾನೇಜರ್‌ಗೆ ನಾನು ಕೇಳುವ ಪ್ರಶ್ನೆ ಹೀಗಿರುತ್ತದೆ: ‘ಆರು ತಿಂಗಳ ನಂತರ ಇವರು ಬದಲಾಗಿದ್ದಾರೆ ಎಂದು ನಿಮಗೆ ಅನಿಸಬೇಕಾದರೆ, ನಿಮ್ಮ ಕಣ್ಣಿಗೆ ಏನು ಬೀಳಬೇಕು?’ ಈ ಪ್ರಶ್ನೆಯ ಮುಂದೆ ಹಲವು ಮ್ಯಾನೇಜರ್‌ಗಳು ತಡವರಿಸುತ್ತಾರೆ. ‘ಇನ್ನಷ್ಟು ಹೊಣೆ ಹೊರಬೇಕು’ ಎಂದು ವರ್ಷವಿಡೀ ಹೇಳುತ್ತಾ ಬಂದವರು, ಹೊಣೆ ಹೊರುವುದೆಂದರೆ ನಿಗದಿತ ದಿನಾಂಕ ತಪ್ಪುವ ಸೂಚನೆ ಕಂಡ ಕೂಡಲೇ ತಮಗೆ ತಿಳಿಸುವುದು ಎಂಬ ಅರ್ಥವನ್ನು ತಮ್ಮ ಉದ್ಯೋಗಿಗೆ ಒಮ್ಮೆಯೂ ಬಿಡಿಸಿ ಹೇಳಿರುವುದಿಲ್ಲ. ಉದ್ಯೋಗಿ ಅದನ್ನು ಆ ಮೇಜಿನ ಬಳಿ ಮೊದಲ ಬಾರಿಗೆ ಕೇಳಿ ಬೆರಗಾಗುವುದನ್ನು ನೋಡಿದ್ದೇನೆ. ಕೋಚಿಂಗ್ ಆರಂಭವಾಗುವ ಮೊದಲೇ ಅರ್ಧ ಕೆಲಸ ಮುಗಿದುಹೋಗುವ ಇಂತಹ ಸಂದರ್ಭಗಳು ನನಗೆ ತುಂಬಾ ಸಂತೋಷ ಕೊಡುತ್ತವೆ. ಇದಕ್ಕೆ ವಿರುದ್ಧವಾಗಿ, ಉದ್ಯೋಗಿಯನ್ನು ಕೈಬಿಡಲು ಸಂಸ್ಥೆ ಮೊದಲೇ ನಿರ್ಧರಿಸಿದ್ದು, ‘ಎಲ್ಲ ಅವಕಾಶ ಕೊಟ್ಟೆವು’ ಎಂಬ ದಾಖಲೆಗಾಗಿ ಕೋಚಿಂಗ್ ಏರ್ಪಡಿಸುವುದೂ ಉಂಟು. ಅಂತಹ ಕೆಲಸವನ್ನು ಒಪ್ಪಿಕೊಳ್ಳಬಾರದು ಎಂಬ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಗಡಿಯ ಪ್ರಶ್ನೆ ಇನ್ನೊಂದಿದೆ. ನಿದ್ದೆ ಬಾರದಿರುವುದು, ವಾರಗಟ್ಟಲೆ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಹಳೆಯ ಆಘಾತವೊಂದು ಮತ್ತೆ ಮತ್ತೆ ಮರುಕಳಿಸುವುದು ಕಂಡುಬಂದರೆ ಅದು ಮಾನಸಿಕ ಆರೋಗ್ಯ ತಜ್ಞರು ನೋಡಬೇಕಾದ ವಿಷಯ. ಅದನ್ನು ನೇರವಾಗಿ, ಮೃದುವಾಗಿ ಹೇಳಿ ಸರಿಯಾದವರ ಬಳಿಗೆ ಕಳುಹಿಸಬೇಕು.

ಈ ವೃತ್ತಿಗೆ ಹೆಚ್ಚಿನ ದೇಶಗಳಲ್ಲಿ ಸರ್ಕಾರದ ಪರವಾನಗಿ ಬೇಕಿಲ್ಲವಾದ್ದರಿಂದ ಯಾರು ಬೇಕಾದರೂ ನಾಳೆಯಿಂದಲೇ ತಾನು ಕೋಚ್ ಎಂದು ಹೇಳಿಕೊಳ್ಳಬಹುದು. ಆ ಕಾರಣಕ್ಕಾಗಿಯೇ ವೃತ್ತಿಪರ ಸಂಘಗಳ ಪ್ರಮಾಣಪತ್ರಗಳಿಗೆ ಬೆಲೆ ಬಂದಿದೆ. ಥಾಮಸ್ ಲಿಯೊನಾರ್ಡ್ 1995ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಕೋಚಿಂಗ್ ಸಂಘ, ಅಂದರೆ ಐಸಿಎಫ್, ಮೂರು ಹಂತಗಳ ಮಾನ್ಯತೆ ಕೊಡುತ್ತದೆ. ಎಸಿಸಿ ಎಂಬ ಮೊದಲ ಹಂತಕ್ಕೆ 100 ಗಂಟೆಗಳ, ಪಿಸಿಸಿ ಎಂಬ ಎರಡನೆಯದಕ್ಕೆ 500 ಗಂಟೆಗಳ, ಎಂಸಿಸಿ ಎಂಬ ಮೂರನೆಯದಕ್ಕೆ 2,500 ಗಂಟೆಗಳ ಕೋಚಿಂಗ್ ಅನುಭವ ಬೇಕು. ಹೊಸಬರು ನನ್ನನ್ನು ಕೇಳಿದಾಗ ನಾನು ಈ ಗಂಟೆಗಳಿಗಿಂತ ಹೆಚ್ಚಾಗಿ, ತಮ್ಮ ಮಾತುಕತೆಯ ರೆಕಾರ್ಡಿಂಗನ್ನು ಅನುಭವಿ ಕೋಚ್ ಒಬ್ಬರ ಮುಂದಿಟ್ಟು ತಿದ್ದಿಸಿಕೊಳ್ಳುವುದಕ್ಕೆ ಒತ್ತು ಕೊಡುತ್ತೇನೆ. ಇತರರಿಂದ ನಾವು ಬೇಡುವ ಪಾರದರ್ಶಕತೆಗೆ ನಾವೂ ಒಳಗಾಗಬೇಕಲ್ಲವೇ?

ಕೋಚಿಂಗ್‌ನಿಂದ ನಿಜವಾಗಿ ಏನಾದರೂ ಆಗುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು, ಮತ್ತು ಅದಕ್ಕೆ ಉತ್ತಮ ಉತ್ತರ ಸಿಕ್ಕಿರುವುದು ಶಿಕ್ಷಕರ ವೃತ್ತಿ ಬೆಳವಣಿಗೆಯ ಕ್ಷೇತ್ರದಿಂದ. ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಹ ಸಂಶೋಧಕರು 2018ರಲ್ಲಿ 60 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೋಚಿಂಗ್ ಪಡೆದ ಶಿಕ್ಷಕರ ಬೋಧನೆಯಲ್ಲಿ 0.49 ಪ್ರಮಾಣ ವಿಚಲನೆಯಷ್ಟು (ಅಂಕಿಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬುದರ ಅಳತೆ ಇದು), ಅವರ ವಿದ್ಯಾರ್ಥಿಗಳ ಕಲಿಕೆಯಲ್ಲಿ 0.18ರಷ್ಟು ಸುಧಾರಣೆ ಕಂಡುಬಂದಿತು. ಶಿಕ್ಷಣದಲ್ಲಿ ಇವು ಕಡಿಮೆ ಸಂಖ್ಯೆಗಳಲ್ಲ. ಆದರೆ ಅದೇ ಅಧ್ಯಯನದಲ್ಲಿ, ಕಾರ್ಯಕ್ರಮ ದೊಡ್ಡದಾಗಿ ನೂರಾರು ಶಿಕ್ಷಕರಿಗೆ ಹರಡಿದಾಗ ಪರಿಣಾಮ ಬಹಳ ತಗ್ಗಿದ್ದೂ ಕಂಡಿತು. ಇದರಲ್ಲಿ ನನಗೆ ಆಶ್ಚರ್ಯವಿಲ್ಲ. ಒಬ್ಬ ಶಿಕ್ಷಕಿಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು, ಆಕೆ ಕೇಳಿದ ಪ್ರಶ್ನೆಗಳನ್ನು ಅಕ್ಷರಶಃ ಬರೆದುಕೊಂಡು, ಪಾಠ ಮುಗಿದ ಮೇಲೆ ಆ ಹಾಳೆಯನ್ನೇ ಮುಂದಿಟ್ಟು ಮಾತನಾಡುವ ಕೆಲಸವನ್ನು ಸಾವಿರ ಜನರಿಗೆ ಒಮ್ಮೆಲೇ ಮಾಡಲು ಹೊರಟಾಗ ಮೊದಲು ಬಿಟ್ಟುಹೋಗುವುದು ಆ ಹಾಳೆಯೇ.

ಸಂಸ್ಥೆಗಳು ಇದನ್ನು ಅಳೆಯುವ ಕ್ರಮ ಮಾತ್ರ ಇನ್ನೂ ಸುಧಾರಿಸಬೇಕು. ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿಯೇ ತರಬೇತಿಯ ಮೌಲ್ಯಮಾಪನಕ್ಕೆ ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿದ್ದರು. ಭಾಗವಹಿಸಿದವರಿಗೆ ಹೇಗನಿಸಿತು, ಏನು ಕಲಿತರು, ಕೆಲಸದಲ್ಲಿ ಏನನ್ನು ಬೇರೆ ರೀತಿ ಮಾಡಿದರು, ಅದರಿಂದ ಏನಾಯಿತು. ಹೆಚ್ಚಿನ ಕಡೆ ಮೊದಲ ಮೆಟ್ಟಿಲಿಗೇ ಅಳತೆ ನಿಂತುಬಿಡುತ್ತದೆ. ಕೋಚ್ ಇಷ್ಟವಾದರೇ ಎಂದು ಕೇಳಿ, ಐದರಲ್ಲಿ ನಾಲ್ಕೂವರೆ ಅಂಕ ಬಂದರೆ ಕಡತ ಮುಚ್ಚುತ್ತದೆ. ಮೂರನೆಯ ಮೆಟ್ಟಿಲನ್ನು ಅಳೆಯಬೇಕಾದರೆ ಆರಂಭದ ಸಭೆಯಲ್ಲಿ ಮ್ಯಾನೇಜರ್ ಹೇಳಿದ, ಕಣ್ಣಿಗೆ ಬೀಳಬೇಕಾದ ಆ ಬದಲಾವಣೆಗಳ ಪಟ್ಟಿಗೆ ಹಿಂತಿರುಗಬೇಕು. ನಾನು ಮಧ್ಯದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಆ ಪಟ್ಟಿಯನ್ನು ಮೂವರ ಮುಂದಿಟ್ಟು ಒಂದೊಂದೇ ಸಾಲನ್ನು ಓದಿಸುತ್ತೇನೆ, ಪ್ರತಿ ಸಾಲಿಗೂ ಇತ್ತೀಚಿನ ಒಂದು ಉದಾಹರಣೆ ಕೇಳುತ್ತೇನೆ.

ಕೋಚಿಂಗ್ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮುಗಿಯಬೇಕು. ವರ್ಷಗಟ್ಟಲೆ ಮುಂದುವರಿದರೆ ಅವಲಂಬನೆ ಬೆಳೆಯುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಕೊನೆಯ ಭೇಟಿಗಳಲ್ಲಿ ನಾನು ಪ್ರಶ್ನೆ ಕೇಳುವ ಕೆಲಸವನ್ನು ಎದುರಿಗಿರುವವರಿಗೇ ಬಿಟ್ಟುಕೊಡುತ್ತೇನೆ. ಅವರು ತಮ್ಮ ಆ ವಾರದ ತೊಡಕನ್ನು ತಾವೇ ಎತ್ತಿಕೊಂಡು, ಯಾವಾಗ ಆಯಿತು, ಯಾರಿದ್ದರು, ನಾನು ನಿಖರವಾಗಿ ಏನೆಂದೆ, ಅದರ ನಂತರ ಏನಾಯಿತು ಎಂದು ಬಿಡಿಸಿಕೊಳ್ಳುತ್ತಾ ಹೋಗುತ್ತಾರೆ. ಅದು ಸಲೀಸಾಗಿ ಸಾಗಿದರೆ, ಉಳಿದಿರುವ ಭೇಟಿಗಳನ್ನು ಬೇರೊಬ್ಬ ಉದ್ಯೋಗಿಗೆ ಕೊಡಬಹುದು ಎಂದು ಸಂಸ್ಥೆಗೆ ಬರೆಯುತ್ತೇನೆ.